ಗಂಜಿ ಹಾಕಿದ ನೋಟು

"ನಂಗೆ ಓದು ಬರಹ ಬರಲ್ಲ ಕಣಮ್ಮಾ. ಆದ್ರೆ ಮುದುರಿದ್ದು ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ, ಬಟ್ಟೆ ಆಗ್ಲಿ, ಕಾಗದ ಆಗ್ಲಿ. ಮಗನಿಗೆ ಕೊಡೋ ದುಡ್ಡು ಅಂದ್ಮೇಲೆ ಕೇಳ್ಬೇಕಾ? ಜೈಲಿನ ಕಿಟಕಿಯೋರು ನೋಟನ್ನ ತಿರುಗಿಸಿ ತಿರುಗಿಸಿ ನೋಡ್ತಾರೆ, ಆಮೇಲೆ ನನ್ನ ಮುಖಾನೂ ಹಂಗೇ ನೋಡ್ತಾರೆ. ಕೊಳಕು ನೋಟು ಕೊಟ್ರೆ ಹುಡುಗನ್ನೂ ಕೊಳಕು ಅಂದ್ಕೊಳ್ಳಲ್ವಾ? ಅದಕ್ಕೇ ಒಂಚೂರು ಗಂಜಿನೀರು ಚಿಮುಕಿಸಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಎಳೆದೆ. ಗರಿಗರಿ ಅಂತು! ಅದೇ ಕುತ್ತಿಗೆಗೆ ಬರುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?"

ಬೀದಿಯವರೆಲ್ಲ ಇಸ್ತ್ರಿಯಕ್ಕ ಎಂದು ಕರೆಯುವ ಆಕೆ ಈಗ ಇದನ್ನು ನಗುತ್ತ ಹೇಳುತ್ತಾಳೆ. ಅಂದು ನಗುವ ಸ್ಥಿತಿ ಇರಲಿಲ್ಲ. ಮಗ ಒಂದು ಹೊಡೆದಾಟದಲ್ಲಿ ಸಿಕ್ಕಿಬಿದ್ದು ಒಳಗಿದ್ದ. ಬಿಡಿಸಲು ಹೋಗಿದ್ದ ಎಂದು ಇವಳು, ಮೊದಲು ಕೈ ಎತ್ತಿದವನೇ ಅವನು ಎಂದು ಬೀದಿ. ಜಾಮೀನಿನ ವಿಚಾರಣೆ ಮುಂದಿನ ವಾರವಿತ್ತು. ಅಷ್ಟರಲ್ಲಿ ಹೊಸ ತಕರಾರು ಅಂಟಿಕೊಂಡರೆ ಹುಡುಗ ಹೊರಗೆ ಬಂದ ಹಾಗೆಯೇ.

ಆ ಜೈಲಿನಲ್ಲಿ ಕೊಟ್ಟ ನೋಟನ್ನೇ ಲಕೋಟೆಗೆ ಹಾಕಿ ಕೈದಿಗೆ ಮುಟ್ಟಿಸುತ್ತಿದ್ದರು. ಕಿಟಕಿಯ ಗುಮಾಸ್ತ ಅವಳ ನೋಟುಗಳನ್ನು ಹಿಡಿದವನೇ ಹುಬ್ಬು ಗಂಟಿಕ್ಕಿದ.

"ಏನಮ್ಮಾ ಇದು, ತಗಡಿನ ಹಾಗಿದೆ? ಏನು ಸವರಿದ್ದೀಯಾ?"

"ಗಂಜಿ, ಸ್ವಾಮಿ."

"ನೋಟಿಗೆ ಯಾರಾದ್ರೂ ಗಂಜಿ ಹಾಕ್ತಾರಾ? ಜಮೇದಾರ್ರೇ, ಇಲ್ಲಿ ಬನ್ನಿ."

ಕಾವಲಿನವರ ಮೇಲಿನ ಜಮೇದಾರ ಬಂದು ಮೂಸಿ ನೋಡಿದ. "ಹೋದ ತಿಂಗಳು ಒಬ್ಬರು ಕಾಗದಕ್ಕೆ ಅಮಲಿನ ಔಷಧಿ ಸವರಿ ಕಳಿಸಿದ್ರು. ನೆಕ್ಕಿದ ಹುಡುಗರು ಆಸ್ಪತ್ರೆ ಸೇರಿದ್ರು. ಇದು ಪರೀಕ್ಷೆಗೆ ಹೋಗುತ್ತೆ. ನಿನ್ನ ಮಗನ ಮೇಲೂ ಬರೀಬೇಕಾಗುತ್ತೆ."

ಆ ಮಾತು ಕೇಳಿದ್ದೇ ತಡ, ಇಸ್ತ್ರಿಯಕ್ಕನಿಗೆ ಏನು ತೋಚಿತೋ, ಮೇಲಿನ ನೋಟನ್ನು ಕಸಿದುಕೊಂಡು ಎಲ್ಲರ ಎದುರಿಗೇ ಎರಡೂ ಕಡೆ ನೆಕ್ಕಿಬಿಟ್ಟಳು. "ನೋಡ್ಕೊಳ್ಳಿ! ವಿಷ ಆದ್ರೆ ನಾನೇ ಮೊದಲು ಹೋಗ್ತೀನಿ."

"ಅಯ್ಯೋ, ಸಾಕ್ಷಿ ನುಂಗ್ತಿದ್ದಾಳೆ, ಹಿಡೀರಿ!" ಎಂದು ಜಮೇದಾರ ಕೂಗಿದ.

ಅವಳನ್ನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಬರುವವರೆಗೂ ಅಲುಗಾಡಬಾರದು, ನೀರೂ ಕುಡಿಯಬಾರದು. ಅಮಲು ಏರುತ್ತದೋ ಎಂದು ಪೇದೆಯೊಬ್ಬ ಎವೆಯಿಕ್ಕದೆ ನೋಡುತ್ತ ನಿಂತ. ಸಾಲಿನಲ್ಲಿದ್ದ ಲಾರಿ ಡ್ರೈವರನ ಹೆಂಡತಿ ಮೆಲ್ಲಗೆ ಬಗ್ಗಿದಳು.

"ಅಕ್ಕಾ, ತಲೆ ಗಿಲೆ ತಿರುಗ್ತಿದ್ಯಾ?"

"ತಿರುಗ್ತಿದೆ ಕಣೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬಾಯ್ಮುಚ್ಚು, ಅವನ ಕಿವಿಗೆ ಬಿದ್ರೆ ಮುಗೀತು ನನ್ನ ಕತೆ."

ಕಣ್ಣು ಕತ್ತಲಿಟ್ಟಂತಾದಾಗಲೆಲ್ಲ ಅಂಗೈಗೆ ಉಗುರು ಒತ್ತಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಕಡೆಗೂ ಬಂದ ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಗೋಡೆಯವರೆಗೂ ನಡೆದು ಬನ್ನಿ" ಎಂದರು. ನೆಲ ತೇಲುತ್ತಿತ್ತು. ಸೆರಗನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ಊರಿ, ಹೋಗಿ ಬಂದಳು.

"ಅಮಲೂ ಇಲ್ಲ, ಗಿಮಲೂ ಇಲ್ಲ. ಮೊದಲು ಏನಾದ್ರೂ ತಿನ್ನಿ, ತಾಯಿ" ಎಂದ ಡಾಕ್ಟರು ಹೊರಟುಹೋದರು.

ಜಮೇದಾರ ಏನೂ ಬರೆಯಲಿಲ್ಲ. ಆದರೆ ಗುಮಾಸ್ತ ಹಟ ಬಿಡಲಿಲ್ಲ. "ಈ ನೋಟು ನಾನಂತೂ ಮುಟ್ಟಲ್ಲ. ಬೇರೆ ಇದ್ರೆ ಕೊಡು, ಕಿಟಕಿ ಮುಚ್ಚೋ ಹೊತ್ತಾಯ್ತು."

ಡ್ರೈವರನ ಹೆಂಡತಿ ಮನೆಸಾಮಾನಿಗೆಂದು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮುದ್ದೆ ನೋಟುಗಳನ್ನು ಬಿಡಿಸಿದಳು. "ತಗೋ ಅಕ್ಕಾ, ನಿನ್ನ ಗರಿಗರಿಯವು ನಂಗಿರ್ಲಿ. ನೆಕ್ಕಿದ್ದೊಂದು ಮಾತ್ರ ನೀನೇ ಇಟ್ಕೋ, ತಾಯಿ!"

ಒಂದು ನೋಟು ಕಡಿಮೆಯಾದರೂ ಲಕೋಟೆ ಒಳಗೆ ಹೋಯಿತು. ಮಗನ ಹೆಸರಿಗೆ ಮಸಿ ಹತ್ತಲಿಲ್ಲ. ಕಬ್ಬಿಣದ ಬಾಗಿಲಿನಾಚೆ ಬಂದ ಮೇಲೆ ಇಸ್ತ್ರಿಯಕ್ಕ ನೆಕ್ಕಿದ ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮನೆ ತಲುಪುವಾಗ ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು. ಎಲ್ಲಿ ನಿಂತುಬಿಡುತ್ತದೋ ಎಂದು, ತಿನ್ನಲೂ ಒಳಗೆ ಹೋಗದೆ ಬಿಂದಿಗೆಗಳನ್ನು ಎಳೆದುಕೊಂಡು, ತೊಳೆದು, ಒಂದೊಂದಾಗಿ ತುಂಬಿಸತೊಡಗಿದಳು.