ಇಂಚಪ್ಪ ಜೀಪು ಇಳಿಸಿದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಕರೆಂಟ್ ಬಿಲ್ಲಿಗೆ ಮಾತ್ರ. ಉಳಿದವರಿಗೆಲ್ಲ ಅವನು ಇಂಚಪ್ಪ. ಜೇಬಿನಲ್ಲಿ ದುಡ್ಡಿಲ್ಲದ ದಿನ ಇರಬಹುದು, ಅಳತೆ ಟೇಪು ಇಲ್ಲದ ದಿನ ಇಲ್ಲ. ಹೋಟೆಲಿನಲ್ಲಿ ಮೇಜು ಅಲುಗಾಡಿದರೆ ಊಟ ಬಿಟ್ಟು ಮೇಜಿನ ಕಾಲು ಅಳೆಯುವ ಆಸಾಮಿ.

ಜೀಪುಗಳನ್ನು ಎತ್ತರಿಸಿ ದೊಡ್ಡ ಟೈರು ಹಾಕಿಕೊಡುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. 'ಅದರಲ್ಲೇನಿದೆ, ಟೈರು ಬದಲಾಯಿಸಿದರೆ ಆಯಿತಲ್ಲ' ಎನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಟೈರು ಎರಡಿಂಚು ದೊಡ್ಡದಾದರೆ ಗಾಡಿ ಏರುವುದು ಒಂದೇ ಇಂಚು; ಇನ್ನೊಂದು ಇಂಚು ಮಡ್‌ಗಾರ್ಡಿನ ಕಡೆ ಬೆಳೆಯುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅದಕ್ಕೇ ಉಜ್ಜುತ್ತದೆ. ಆದ್ದರಿಂದ ಸ್ಪ್ರಿಂಗು ಎತ್ತರದ್ದು ಬೇಕು, ಶಾಕ್ ಅಬ್ಸಾರ್ಬರ್ ಉದ್ದದ್ದು ಬೇಕು, ಬ್ರೇಕಿನ ಪೈಪು ಎಳೆದುಕೊಳ್ಳದಷ್ಟು ಸಡಿಲ ಇರಬೇಕು. ಇಷ್ಟನ್ನೂ ಅವನು ಗಿರಾಕಿ ಕೇಳಿದರೂ ಹೇಳುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ.

ವರ್ಕ್‌ಶಾಪಿನ ಮುಂದೆ ಅವನದೇ ಜೀಪು ನಿಂತಿರುತ್ತಿತ್ತು. ಆರು ಇಂಚು ಎತ್ತರಿಸಿದ್ದು: ಸ್ಪ್ರಿಂಗಿನಿಂದ ಐದು, ಟೈರಿನಿಂದ ಒಂದು. 'ಆ ಎತ್ತರದ ಜೀಪಿನ ಹತ್ತಿರ ಬಲಕ್ಕೆ ತಿರುಗಿ' ಎಂದು ಜನ ದಾರಿ ಹೇಳುತ್ತಿದ್ದರು. ಅದು ಅಂಗಡಿಯ ಜಾಹೀರಾತು ಎಂದು ಎಲ್ಲರೂ ತಿಳಿದಿದ್ದರು. ಅಲ್ಲ. ಅವನು ಅದನ್ನು ಎತ್ತರಿಸಿದ್ದು ಹೆಂಡತಿಗಾಗಿ.

ಹನ್ನೊಂದು ವರ್ಷದ ಹಿಂದೆ ಆಕೆ ಒಮ್ಮೆ, "ಗುಡ್ಡದ ಮೇಲೆ ಕೆರೆ ಇದ್ಯಂತಲ್ರೀ, ನೋಡ್ಬೇಕಿತ್ತು" ಎಂದಿದ್ದಳು. ಇಬ್ಬರೂ ಹೊರಟರು. ಅರ್ಧ ದಾರಿಯಲ್ಲಿ ಜೀಪಿನ ಹೊಟ್ಟೆ ಬಂಡೆಗೆ ತಗುಲಿ ನಿಂತಿತು. ವಾಪಸ್ ಬಂದವನು ಮೂರು ತಿಂಗಳು ಒಂದೂ ರಜೆ ಮಾಡದೆ ಜೀಪಿನ ಕೆಳಗೇ ಮಲಗಿದ. ಬಂಡೆಗೆ ಸಿಕ್ಕಿಕೊಳ್ಳುತ್ತದೆಂದು ಬಾಗಿಲ ಕೆಳಗಿನ ಫುಟ್‌ಬೋರ್ಡನ್ನೂ ಕತ್ತರಿಸಿ ಎಸೆದ. ಕೆಲಸ ಮುಗಿದ ದಿನ ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ಹೆಂಡತಿ ಬಾಗಿಲು ಹಿಡಿದು, ಒಂದು ಕಾಲೆತ್ತಿ, ಇಳಿಸಿ, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದೆ" ಎಂದು ಒಳಗೆ ಹೋದಳು. ಆ ಹಾಲು ಉಕ್ಕಿತೋ ಇಲ್ಲವೋ, ಆಕೆ ಮಾತ್ರ ಮತ್ತೆ ಹೊರಗೆ ಬರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಅವನು ಕೇಳುವುದು, "ಹೋಗೋಣ್ವಾ ಕೆರೆಗೆ?" ಆಕೆ ಹೇಳುವುದು, "ನೀವು ಹೋಗ್ಬನ್ನಿ. ನಂಗೆ ಈ ತಿರುಗಾಟ ಎಲ್ಲ ಅಷ್ಟಕ್ಕಷ್ಟೇ." ಅವನು, "ನೀನಿಲ್ದೆ ನಾನ್ ಹೋಗಲ್ಲ" ಎಂದು ಪೇಪರ್ ಹಿಡಿದು ಕೂರುವುದು. ಹೆಂಡತಿಗೆ ತನ್ನ ಜೊತೆ ಹೊರಗೆ ಹೋಗುವ ಆಸೆಯೇ ಬತ್ತಿಹೋಗಿದೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅದು ಅವನಿಗೆ ನೋವಾಗಿತ್ತು. ನೋವಿಗೆ ಟೇಪು ಹಿಡಿಯಲು ಬಾರದ ಕಾರಣ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಜೀಪು ಎತ್ತರವಾಗುವುದಕ್ಕೆ ಒಂದು ವರ್ಷ ಮೊದಲು ಆಕೆ ಜಾರಿ ಬಿದ್ದು ಮಂಡಿಗೆ ಪೆಟ್ಟಾಗಿತ್ತು. ಗುಣವೇನೋ ಆಯಿತು, ಪೂರ್ತಿ ಮಡಚಲು ಮಾತ್ರ ಬರುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದವನೇ ಅವನು. ಆದರೆ ಮಂಡಿ ಮನೆಯ ವಿಷಯ, ಜೀಪು ಅಂಗಡಿಯ ವಿಷಯ. ಎರಡನ್ನೂ ಒಟ್ಟಿಗೆ ಯೋಚಿಸುವ ಸಂದರ್ಭ ಅವನಿಗೆ ಬಂದಿರಲಿಲ್ಲ.

ಆ ಸಂದರ್ಭ ಒಂದು ಶುಕ್ರವಾರ ಹಲ್ಲಿನ ಡಾಕ್ಟರ ರೂಪದಲ್ಲಿ ಬಂತು. ಡಾಕ್ಟರ ಜೀಪಿಗೆ ಇಂಚಪ್ಪ ನಾಲ್ಕು ಇಂಚು ಎತ್ತರ ಕೊಟ್ಟು, ಹೊಸ ಟೈರು ಹಾಕಿ, ಒರೆಸಿ ನಿಲ್ಲಿಸಿದ್ದ. ಗಾಡಿ ಒಯ್ಯಲು ಬಂದ ಡಾಕ್ಟರು ಅಮ್ಮನನ್ನೂ ಕರೆತಂದಿದ್ದರು. ಹಾಗೇ ಅವರನ್ನು ತಂಗಿ ಮನೆಗೆ ಬಿಡುವ ಲೆಕ್ಕಾಚಾರ. ಮುದುಕಿ ಜೀಪಿನ ಮುಂದೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ಹಿಡಿದರು. ಕಾಲೆತ್ತಿದರು. ಇಳಿಸಿದರು. ಆಮೇಲೆ ನಗುನಗುತ್ತ, "ನೀನ್ ಹೋಗಪ್ಪ. ನಂಗೆ ಈ ತಿರುಗಾಟ ಎಲ್ಲ ಅಷ್ಟಕ್ಕಷ್ಟೇ" ಅಂದರು.

"ನಮ್ಮಮ್ಮ ಯಾವಾಗ್ಲೂ ಹೀಗೇ" ಎಂದರು ಡಾಕ್ಟರು. "ಹೊರಡೋವರೆಗೂ ಉತ್ಸಾಹ, ಹೊರಟ ಮೇಲೆ ಬೇಡ. ಕೀ ಕೊಡಿ."

ಇಂಚಪ್ಪನ ಕೈಯಲ್ಲಿ ಕೀ ಇತ್ತು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

"ಗಾಡಿ ಇವತ್ತು ಕೊಡಕ್ಕಾಗಲ್ಲ ಡಾಕ್ಟ್ರೇ."

"ಯಾಕ್ರೀ? ಎಲ್ಲಾ ಮುಗೀತು ಅಂದ್ರಲ್ಲ?"

"ಅಳತೆ ತಪ್ಪಿದೆ."

ಇಪ್ಪತ್ತಾರು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ಕೆಲಸ ನಿಲ್ಲಿಸಿ ತಿರುಗಿ ನೋಡಿದ. ಇಂಚಪ್ಪ ಮುದುಕಿಗೆ ಒಂದು ಕುರ್ಚಿ ಹಾಕಿ ಕೂರಿಸಿ, "ಅಮ್ಮಾ, ನಿಮ್ಗೆ ಎಷ್ಟು ಎತ್ತರ ಹತ್ತಕ್ಕಾಗುತ್ತೆ?" ಎಂದು ಕೇಳಿದ. ಡಾಕ್ಟರು ಅಮ್ಮನ ಮುಖ ನೋಡಿದರು. ಆ ಪ್ರಶ್ನೆ ಅವರಿಗೂ ಹೊಸದು.

ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋಗಲಿಲ್ಲ. ಮನೆ ವರ್ಕ್‌ಶಾಪಿನ ಮೇಲೆಯೇ, ಹದಿನಾಲ್ಕು ಮೆಟ್ಟಿಲು. ಒಂದೊಂದೂ ಏಳು ಇಂಚು, ಅವನೇ ಅಳೆದು ಕಟ್ಟಿಸಿದ್ದು. ಕೆಳಗೇ ನಿಂತು ಕಾದ. ತಡವಾಯಿತೆಂದು ಕರೆಯಲು ಹೆಂಡತಿ ಇಳಿದು ಬಂದಳು. ಒಂದು ಕೈ ಗೋಡೆಯ ಮೇಲೆ. ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ನಿಂತು, ಆಮೇಲೆ ಮುಂದಿನದು. ಅವನು ಹದಿನಾಲ್ಕನ್ನೂ ಎಣಿಸಿದ. ಗೋಡೆಯ ಸುಣ್ಣದ ಮೇಲೆ ಕೈಯ ಎತ್ತರಕ್ಕೆ ಒಂದು ಕಂದು ಗೆರೆ ಎಳೆದಂತೆ ಕೊಳೆ ಕೂತಿತ್ತು. ಅದರ ಮೇಲೆ ಅವನು ಎರಡು ಸಲ ಸುಣ್ಣ ಬಳಿಸಿದ್ದ.

"ಜೀಪ್ ಹತ್ತಕ್ಕಾಗ್ತಿರ್ಲಿಲ್ವೇನೇ ನಿಂಗೆ?"

ಆಕೆ ಕೊನೆಯ ಮೆಟ್ಟಿಲ ಮೇಲೆ ನಿಂತಳು. "ಈಗ್ ಯಾಕೆ ಅದು?"

"ಹೇಳ್ಬಾರ್ದಿತ್ತಾ?"

"ಮೂರು ತಿಂಗ್ಳು ಅದರ ಕೆಳಗೆ ಮಲಗಿದ್ರಿ. ಎದ್ದು ಬಂದಾಗ ನಿಮ್ಮ ಮುಖ ನೋಡ್ಬೇಕಿತ್ತು ನೀವು. ಹೇಗ್ರೀ ಹೇಳೋದು?"

ಇಂಚಪ್ಪ ಆಕೆಯ ಹಿಂದೆಯೇ ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ ಊಟ ಮಾಡಿದ.

ಡಾಕ್ಟರ ಜೀಪು ನಾಲ್ಕರಿಂದ ಒಂದೂವರೆ ಇಂಚಿಗೆ ಇಳಿಯಿತು. ಫುಟ್‌ಬೋರ್ಡ್ ಬಂತು. "ನಿಮ್ಮದು ಮಾತ್ರ ಆರು ಇಂಚು ಇರ್ಬಹುದಾ?" ಎಂದು ಡಾಕ್ಟರು ಕೊಂಕು ತೆಗೆದರು. ಮುದುಕಿ ಆಗಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದರಿಂದ ಮಾತು ಬೆಳೆಯಲಿಲ್ಲ. ಮರುದಿನ ಇಂಚಪ್ಪ ತನ್ನ ಜೀಪಿನ ಸ್ಪ್ರಿಂಗು ಬಿಚ್ಚಿದ. ಎಂಟೇ ದಿನದಲ್ಲಿ ಅದು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಆಯಿತು, ಕತ್ತರಿಸಿ ಎಸೆದ ಫುಟ್‌ಬೋರ್ಡಿನ ಜಾಗಕ್ಕೆ ಹೊಸದೂ ಬಂತು. ಬೀದಿಯವರಿಗೆ ದಾರಿ ಹೇಳುವುದು ಕಷ್ಟವಾಯಿತು. "ಇಂಚಪ್ಪನಿಗೆ ತಲೆ ಕೆಟ್ಟಿದೆ" ಎಂದ ಪಂಕ್ಚರ್ ಅಂಗಡಿಯವನು, ಕೇಳಿದವರಿಗೆಲ್ಲ.

ಭಾನುವಾರ ಅವನು, "ಹೋಗೋಣ್ವಾ ಕೆರೆಗೆ?" ಎಂದ. ಆಕೆ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು, ಹೊಸ ಹಿಡಿಕೆ ಹಿಡಿದು, ಹತ್ತಿ ಕೂತಳು. ಯಾವ ಗೇಟಿನಲ್ಲೂ ಯಾರೂ ಇರಲಿಲ್ಲ.

"ಬಂಡೆ ಹತ್ರ ಹೊಟ್ಟೆ ತಗಲುತ್ತೆ, ಗೊತ್ತಲ್ಲ" ಎಂದು ಅವನು ಮೊದಲೇ ಎಚ್ಚರಿಸಿದ. "ಅಲ್ಲೇ ಇಳಿದು ಸ್ವಲ್ಪ ಹೊತ್ತು ಕೂತು ಬರೋಣ."

"ತಗಲಲ್ಲ ಬಿಡಿ" ಎಂದಳು ಆಕೆ.

ತಗಲಲಿಲ್ಲ. ಬಂಡೆಯೇ ಇರಲಿಲ್ಲ. ಗುಡ್ಡದ ತುದಿಯವರೆಗೂ ಟಾರು ರಸ್ತೆ, ನಟ್ಟನಡುವೆ ಬಿಳಿ ಗೆರೆ. ಕೆರೆಯ ಪಕ್ಕ ಎರಡು ಬಸ್ಸು ನಿಂತಿದ್ದವು. ಅವನ ಗಿರಾಕಿಗಳ್ಯಾರೂ ಇದನ್ನು ಹೇಳಿರಲಿಲ್ಲ. ಟಾರು ಹಾಕಿದ ಕಡೆ ಅವರು ಹೋಗುವವರಲ್ಲ. ಹೆಂಡತಿ ನೇರ ಮೂರನೆಯ ಬೆಂಚಿಗೆ ಹೋಗಿ, "ಇದ್ರಲ್ಲಿ ಕೂತ್ಕೊಳ್ಳಿ, ಮೊದಲನೇದು ಅಲುಗಾಡುತ್ತೆ" ಎಂದಳು.

ಇಂಚಪ್ಪ ಕೂರದೆ ನಿಂತ. "ಮುಂಚೆ ಬಂದಿದ್ಯಾ?"

"ಅಕ್ಕನ ಮನೆಗೆ ಹೋದಾಗ, ಅವಳ ಜೊತೆ. ಬಸ್ಸಲ್ಲಿ. ಮೂರು ಸಲ." ಆಕೆ ನೀರಿನ ಕಡೆ ನೋಡಿದಳು. "ನೀನಿಲ್ದೆ ಹೋಗಲ್ಲ ಅಂತ ನೀವು ಮನೇಲಿ ಕೂತಿದ್ರಿ. ಮೂರು ಸಲವೂ ಚೆನ್ನಾಗಿರ್ಲಿಲ್ಲ."

ಅವನು ಜೇಬಿನಿಂದ ಟೇಪು ತೆಗೆದು ಬಸ್ಸಿನ ಕಡೆ ನಡೆದ. ಡ್ರೈವರು ಏನು ಎತ್ತ ಎಂದು ಕೇಳುವುದರೊಳಗೆ ಕೆಳಗಿನ ಮೆಟ್ಟಿಲು ಅಳೆದು ಬಂದು ಪಕ್ಕದಲ್ಲಿ ಕೂತ.

"ಹದಿನಾಲ್ಕು ಇಂಚು" ಎಂದ.

"ನಮ್ಮದು?"

"ಹದಿಮೂರು."

"ಹಾಗಾದ್ರೆ ಇನ್ಮೇಲೆ ನಿಮ್ಮ ಜೊತೇನೇ ಬರ್ತೀನಿ" ಎಂದು ಆಕೆ ಅವನ ಕೈಯಿಂದ ಟೇಪು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.