ನೀರು ಕುಡಿಯುವ ತನಕ

ಲಗ್ನಕ್ಕಿಂತ ಮೊದಲು ಶಶಿಕಲಾ ಮತ್ತು ಬಬಲೇಶ್ವರದ ಗುರುಬಸು ಭೇಟಿಯಾಗುತ್ತಿದ್ದುದು ಸೈಕಲ್ ಮೇಲೆಯೇ. ಅವನು ರೇಸಿನಲ್ಲಿ ಕಪ್ ಗೆದ್ದವನು. ಅವಳದು ಗಾಂಧಿ ಚೌಕದಿಂದ ಕಾಯಿಪಲ್ಲೆ ತರುವ ಸೈಕಲ್ಲು. ವಿಜಯಪುರ ಬಿಟ್ಟರೆ ಅವನ ಬೆನ್ನು ಸಹ ಕಾಣುತ್ತಿರಲಿಲ್ಲ. ತಿಕೋಟಾದ ಹತ್ತಿರ ಬೇವಿನ ಗಿಡದ ಕೆಳಗೆ ದಣಿವಾರಿಸಿಕೊಂಡು ಕೂತಿರುತ್ತಿದ್ದ. ಇವಳು ಏದುಸಿರು ಬಿಡುತ್ತ ಬಂದಳೋ ಇಲ್ಲವೋ, "ಬಂದೇನು? ನಡಿ" ಎಂದು ಏಳುತ್ತಿದ್ದ.

ಒಂದು ದಿನ ಅವಳು ಸೈಕಲ್ಲನ್ನು ಅಲ್ಲೇ ಕೆಡವಿದಳು.

"ಕಾಯಾಂವಗ ಆರಾಮ, ಬರಾಕಿಗಿ ಬರೇ ಓಟ. ನಾ ನೀರು ಕುಡಿಯೂ ತನಕ ಏಳಂಗಿಲ್ಲ ಅಂತ ಆಣಿ ಮಾಡು. ಇಲ್ಲಾಂದ್ರ ಲಗ್ನದ ಮಾತ ಬ್ಯಾಡ."

"ಆತು ನಮ್ಮವ್ವಾ, ಏಳಂಗಿಲ್ಲ. ಕೊಡಾ ತುಂಬ ಕುಡಿ" ಎಂದು ನಕ್ಕ.

ಲಗ್ನವಾದ ಮೇಲೆ ರವಿವಾರದ ಸವಾರಿ ಬಿಡಲಿಲ್ಲ. ಆಣೆಯನ್ನು ಬಿಟ್ಟ.

ಈ ಸಲ ಚಳಿಗಾಲದಲ್ಲಿ ಅವಳು ಬಂದಾಗ ಅವನು ಗಿಡಕ್ಕೆ ಒರಗಿ ಕೂತಿದ್ದ. ಏಳಲಿಲ್ಲ. ಅಂತೂ ನೆನಪಾಯಿತು ಇವನಿಗೆ ಎಂದುಕೊಂಡಳು. ಬೇಕೆಂದೇ ನಿಧಾನವಾಗಿ ನೀರು ಕುಡಿದಳು, ಮುಖ ತೊಳೆದಳು, ತುರುಬು ಕಟ್ಟಿಕೊಂಡಳು.

"ನಂದಾತು. ನಡೀರಿ ಈಗ."

ಭುಜ ಮುಟ್ಟಿದರೆ ಪಕ್ಕಕ್ಕೆ ವಾಲಿದ. ಎದೆಬಡಿತ ನಿಂತುಹೋಗಿತ್ತು.

ಮಣ್ಣಿಗೆ ಬಂದವರು ಸಮಾಧಾನ ಹೇಳಿದರು. "ಪುಣ್ಯವಂತ, ಕುಂತಲ್ಲೇ ಹೋದ."

"ಅವರಿಗೇನ್ರಿ, ಮುಂದ ಹೋಗಿ ಆರಾಮ ಕುಂತ್ರು" ಎಂದಳು ಶಶಿಕಲಾ. "ನಾ ನೀರು ಕುಡಿಯೂವಾಗ ಅವರ ಜೀವ ಇತ್ತೋ ಇಲ್ಲೋ, ಅದನ್ನ ಹೇಳ್ರಿ."

ಒಬ್ಬಾಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಶಶಿಕಲಾ ಅದನ್ನು ಅಂಗಳಕ್ಕೆ ಚೆಲ್ಲಿದಳು.