ಎಡಗೈಯವಳ ಒರೆ

“ಅಕ್ಕಾ, ನೀವೇ ಹೇಳಿ. ಆ ಹಾಲ್‌ನಲ್ಲಿ ಮಂಡಿ ಊರಿ ಟಾರ್ಪಾಲು ಕತ್ತರಿಸೋಕೆ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಒಂದು ದಿನ ಒಂದು ಬೆರಳು ಕೊಯ್ದುಕೊಂಡಿದೀನಾ? ಪಕ್ಕದವರಿಗೆ ಒಂದು ಗೀರು ಹಾಕಿದೀನಾ? ಈಗ ಬಂದ್ರು ನೋಡಿ ಹೊಸ ಸೂಪರ್‌ವೈಸರ್ರು, ಕೊರಳಿಗೆ ಸೀಟಿ ನೇತುಹಾಕ್ಕೊಂಡು. ಚಾಕು ಇಡೋ ನಮ್ಮ ಹಳೇ ಒರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಕಸಕ್ಕೆ ಹಾಕಿಸಿದ್ರು. ಎಲ್ಲರಿಗೂ ಒಂದೇ ಥರದ ಪ್ಲಾಸ್ಟಿಕ್ ಒರೆ. ಬಲಸೊಂಟಕ್ಕೇ ಕಟ್ಟಬೇಕಂತೆ, ಎಡಗಡೆ ಸೀಮೆಸುಣ್ಣದ ಚೀಲ ಅಂತೆ. ‘ಸಾರ್, ನಾನು ಎಡಚಿ’ ಅಂದೆ. ‘ಹೊಂದ್ಕೊಳ್ಳಿ’ ಅಂದ್ರು. ಹೊಂದ್ಕೊಂಡೆ. ಹೊಂದ್ಕೊಂಡಿದ್ದಕ್ಕೆ ತೊಡೆಗೆ ನಾಲ್ಕು ಹೊಲಿಗೆ! ಅಷ್ಟೇ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ಅಪಘಾತದ ಪುಸ್ತಕ ತಂದು ಮುಂದೆ ಹಿಡಿದ್ರು. ಏನು ಬರೆದಿದ್ರು ಗೊತ್ತಾ? ‘ಕೆಲಸಗಾರ್ತಿಯ ಅಜಾಗರೂಕತೆ.’ ಕೆಳಗೆ ಸಹಿ ಹಾಕಬೇಕಂತೆ. ತೊಡೆ ನಂದು, ರಕ್ತ ನಂದು, ತಪ್ಪೂ ನಂದೇ! ಹಾಕಲ್ಲ ಅಂದೆ. ಸೋಮವಾರದ ತನಕ ಟೈಮ್ ಕೊಟ್ಟಿದಾರೆ. ಹಾಕದಿದ್ರೆ ಚಾಕು ಮುಟ್ಟೋ ಹಾಗಿಲ್ಲ, ಬಟ್ಟೆ ಮಡಚೋ ಮೇಜಿಗೆ ಹೋಗಬೇಕಂತೆ. ಹಾಕಿದ್ರೂ ಅಷ್ಟೇ ತಾನೇ ಅಕ್ಕಾ? ಅಜಾಗರೂಕಳು ಅಂತ ತಾನೇ ಒಪ್ಕೊಂಡವಳ ಕೈಗೆ ಯಾರು ಚಾಕು ಕೊಡ್ತಾರೆ?”

ಇಷ್ಟನ್ನೂ ಅವಳು ಹೊಲಿಗೆ ಹಾಕಿದ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿದಳು. ಅವಳು ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದಿದ್ದೇವೆ. ಅವಳು ಮಾತಾಡುವುದು, ನಾನು ಕೇಳುವುದು, ಹೀಗೆ ಮೊದಲಿನಿಂದಲೂ ಪಾಲು ಹಂಚಿಕೊಂಡಿದ್ದೇವೆ.

ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬಳಪ ಹಿಡಿದಳೆಂದು ಮೇಷ್ಟ್ರು ಅವಳ ಬೆರಳ ಗಂಟುಗಳ ಮೇಲೆ ಅಡಿಕೋಲಿನಿಂದ ಹೊಡೆದಿದ್ದರಂತೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ, “ಇವಳು ಸೌಟು ಹಿಡಿದರೆ ನನಗೆ ತಲೆ ತಿರುಗುತ್ತೆ” ಎಂದು ಮುಖ ತಿರುಗಿಸುತ್ತಿದ್ದರು. ಅವಳ ಎಡಗೈಯನ್ನು ಕಂಡು ಯಾರೂ ಏನೂ ಅನ್ನದ ಜಾಗ ಒಂದೇ, ಆ ಟಾರ್ಪಾಲಿನ ಕಾರ್ಖಾನೆ. ಅಲ್ಲಿ ಲಾರಿಗೆ ಹೊದಿಸುವ ದಪ್ಪ ಬಟ್ಟೆಯನ್ನು ನೆಲದುದ್ದ ಹಾಸುತ್ತಾರೆ. ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಅದರ ಮೇಲೆ ಮಂಡಿಯಲ್ಲಿ ಹರಿದಾಡುತ್ತ, ಅಂಗೈಯುದ್ದದ ಅಲಗಿನ, ಮಡಚಲು ಬಾರದ ಗಟ್ಟಿ ಚಾಕುವಿನಿಂದ ಗೆರೆಗೆ ಸರಿಯಾಗಿ ಸೀಳಬೇಕು. ಕತ್ತರಿಗೆ ಬಗ್ಗುವ ಬಟ್ಟೆಯಲ್ಲ ಅದು. ಒಂದು ಮೊಳ ಸೀಳುವುದು, ಚಾಕು ಒರೆಗೆ ಹಾಕುವುದು, ಬಟ್ಟೆ ಎಳೆಯುವುದು, ಮತ್ತೆ ಚಾಕು ತೆಗೆಯುವುದು, ದಿನಕ್ಕೆ ಇನ್ನೂರು ಸಲವಾದರೂ ಹೀಗೆ. ಬಲಗೈಯವರಿಗೆ ಗೋಡೆ ಅಡ್ಡ ಬರುವ ಮೂಲೆಯನ್ನು ಅವಳಿಗೇ ಬಿಡುತ್ತಿದ್ದರು. “ಎಡಚೀ, ಬಾರೇ ಈ ಕಡೆ” ಎಂದು ಕರೆದರೆ ಅದು ಬೈಗುಳವಲ್ಲ, ಮರ್ಯಾದೆ.

ಅವಳ ಹಳೆಯ ಒರೆ ನನ್ನ ಮೈದುನ ಮಾಡಿಕೊಟ್ಟದ್ದು. ಬೆಂಕಿ ಆರಿಸುವ ಇಂಜಿನ್ನಿನ ಹರಿದ ನೀರುಕೊಳವೆಯ ತುಂಡು ಕತ್ತರಿಸಿ, ತಂತಿಯಲ್ಲಿ ಹೊಲಿದಿದ್ದ. ನೋಡಲು ಚೆಂದವಿರಲಿಲ್ಲ. ಅವನು ತೀರಿಹೋಗಿ ಒಂಬತ್ತು ವರ್ಷವಾದರೂ ಅದು ಅವಳ ಎಡಸೊಂಟ ಬಿಟ್ಟಿರಲಿಲ್ಲ. ಸೀಟಿಯ ಮನುಷ್ಯ ಅದನ್ನು ಎರಡು ಬೆರಳಲ್ಲಿ ಎತ್ತಿ, “ಇದೇನು, ಸತ್ತ ಹಾವಾ?” ಎಂದು ಚೀಲಕ್ಕೆ ಹಾಕಿದನಂತೆ. ಇದನ್ನು ಅವಳು ನನಗೆ ಹೇಳಿದ್ದು ಎರಡು ದಿನ ಬಿಟ್ಟು, ತಟ್ಟೆಯ ಮೇಲೆ ಕಣ್ಣು ನೆಟ್ಟುಕೊಂಡು.

“ಹೊಸ ಒರೆ ಹುಡುಕೋಣ ನಡಿ. ಸೋಮವಾರ ಬರಿಗೈಲಿ ಹೋಗಬೇಡ” ಎಂದೆ.

ಮೊದಲು ದೊಡ್ಡ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಅಂಗಡಿಯವನು ಅವಳ ತಲೆಯ ಮೇಲಿಂದ ರಸ್ತೆಯ ಕಡೆ ನೋಡಿದ, ಹಿಂದೆ ಗಂಡಸು ಯಾರಾದರೂ ಬರುತ್ತಿದ್ದಾರೇನೋ ಎಂದು.

“ಒರೆ ಯಾರಿಗಮ್ಮಾ? ಯಜಮಾನರಿಗಾ?”

“ನನಗೆ.”

“ತರಕಾರಿ ಚಾಕುಗೆ ಒರೆ ಯಾತಕ್ಕಮ್ಮಾ?”

ಅವಳು ಪೇಪರಿನಲ್ಲಿ ಸುತ್ತಿ ತಂದಿದ್ದ ತನ್ನ ಕೆಲಸದ ಚಾಕುವನ್ನು ಬಿಚ್ಚಿ ಗಾಜಿನ ಮೇಲಿಟ್ಟಳು. ಅವನು ಕನ್ನಡಕ ಹಾಕಿಕೊಂಡ. ಮಾತೂ ಸ್ವಲ್ಪ ತಗ್ಗಿತು.

ಒಳಗಿನಿಂದ ಮೂರು ಒರೆ ತಂದಿಟ್ಟ. ಮೊದಲನೆಯದು ದಪ್ಪ ಬಟ್ಟೆಯದು. ಚಾಕು ಇಟ್ಟು ಮೆಲ್ಲಗೆ ಒತ್ತಿದಳು, ತುದಿ ಹೊರಗೆ ಇಣುಕಿತು. “ಇದು ಒರೆಯಲ್ಲ, ಕಾಲುಚೀಲ.” ಎರಡನೆಯದು ಕಾರ್ಖಾನೆಯವರು ಕೊಟ್ಟಂಥದ್ದೇ ಪ್ಲಾಸ್ಟಿಕ್. ತಲೆಕೆಳಗು ಮಾಡಿ ಒಂದು ಸಲ ಕೊಡವಿದಳು, ಚಾಕು ಠಣ್ಣೆಂದು ಗಾಜಿನ ಮೇಲೆ ಬಿತ್ತು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯದು ಥಳಥಳ ಹೊಳೆಯುವ ಚರ್ಮದ್ದು, ಹಿತ್ತಾಳೆ ಗುಂಡಿ ಬೇರೆ. ನನಗೇನೋ ಅದು ಹಿಡಿಸಿತು. ಅವಳು ಒರೆಯ ಬಾಯಿ ಅಗಲಿಸಿ ಒಳಗೆ ನೋಡಿದಳು.

“ನೋಡಿ ಅಕ್ಕಾ, ದಾರ ನೇರ ಅಲಗಿನ ಬಾಯಿಗೇ ಸಿಕ್ಕುತ್ತೆ. ನಡುವೆ ಒಂದು ಚರ್ಮದ ಪಟ್ಟಿ ಇಟ್ಟು ಹೊಲಿಯಬೇಕಿತ್ತು. ಹದಿನೈದು ದಿನದಲ್ಲಿ ಚಾಕು ತನ್ನ ಮನೇನೇ ಕೊಯ್ಕೊಂಡು ಆಚೆ ಬರುತ್ತೆ. ಗುಂಡಿ ನೋಡಿದ್ರಾ? ಇದೂ ಬಲಗೈಯವರಿಗೇ.”

“ಎಡಗೈಯವರಿಗೆ ಅಂತ ಯಾರೂ ಮಾಡಲ್ಲಮ್ಮಾ. ನೀವೇ ಸ್ವಲ್ಪ ಹೊಂದ್ಕೋಬೇಕು.”

ಆ ಒಂದು ಪದ ಅವನು ಆಡಬಾರದಿತ್ತು.

“ನಲವತ್ತೊಂಬತ್ತು ವರ್ಷದಿಂದ ಹೊಂದ್ಕೊಂಡೇ ಬಂದಿದೀನಿ ಸ್ವಾಮೀ! ನಿಮ್ಮ ಕತ್ತರಿಗೆ, ನಿಮ್ಮ ಬಾಗಿಲ ಚಿಲಕಕ್ಕೆ, ನಿಮ್ಮ ಬಸ್ಸಿನ ಕಂಬಿಗೆ. ನೀವು ಒಂದೇ ಒಂದು ದಿನ ಷರಟಿನ ಗುಂಡಿ ಎಡಗೈಲಿ ಹಾಕ್ಕೊಂಡು ಬನ್ನಿ, ಆಮೇಲೆ ನನಗೆ ಬುದ್ಧಿ ಹೇಳುವಿರಂತೆ.”

ಅವಳನ್ನು ಮೊಳಕೈ ಹಿಡಿದು ಹೊರಗೆ ಕರೆತಂದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಸೂಟ್‌ಕೇಸು, ಚೀಲ, ಬೆಲ್ಟು ರಿಪೇರಿ ಮಾಡುವ ಮುದುಕನೊಬ್ಬನಿದ್ದಾನೆ. ಅವನ ಅಂಗಡಿಯೆಂದರೆ ಒಂದು ಮಂಚ ಹಿಡಿಸುವಷ್ಟು ಜಾಗ. ಚಾಕುವನ್ನು ತಿರುಗಿಸಿ ನೋಡಿ, ಹಿಡಿಯ ಮೇಲೆ ಹೆಬ್ಬೆರಳು ಸವೆಸಿದ ಗುಳಿಯನ್ನು ಮುಟ್ಟಿ, “ಎಡಗೈ” ಎಂದ. ಆಮೇಲೆ, “ಕೂತು ಕೆಲಸ ಮಾಡ್ತೀರೋ, ನಿಂತೋ?” ಎಂದು ಕೇಳಿದ. ಅಷ್ಟು ದಿನದಲ್ಲಿ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ. ಅವಳು ಹೊಲಿಗೆಯ ನೋವನ್ನೂ ಮರೆತು ಅಲ್ಲೇ ಮಂಡಿಯೂರಿ, ಬಾಗಿ, ತೆವಳಿ ತೋರಿಸಿದಳು. ಬೆಲ್ಟಿಗೆ ಬಿಗಿಯಾಗಿ ಕಚ್ಚಿಕೊಂಡ ಒರೆ ಬಾಗಿದಾಗ ತೊಡೆಗೆ ಚುಚ್ಚುತ್ತದೆ, ತೂಗಾಡುವ ಕುಣಿಕೆ ಬೇಕು ಎಂದ. ನಡುವೆ ಪಟ್ಟಿ ಇರಲಿ, ತಲೆಕೆಳಗು ಹಿಡಿದರೂ ಚಾಕು ಜಾರಬಾರದು, ಒದ್ದೆ ನಿಲ್ಲದಂತೆ ತುದಿಯಲ್ಲೊಂದು ತೂತು ಇರಲಿ ಎಂದಳು. ಇಬ್ಬರೂ ಮದುವೆ ಮಾತುಕತೆಯವರ ಹಾಗೆ ತಲೆಯಾಡಿಸಿಕೊಂಡರು. ಅವನು ಚಾಕುವನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡ. ಚರ್ಮವನ್ನು ನೆನೆಸಿ ಆಕಾರಕ್ಕೆ ಕೂರಿಸಲು ಅದೇ ಅಳತೆಯ ಮರದ ಚಾಕು ಕೆತ್ತಿಕೊಳ್ಳುತ್ತೇನೆ, ನಿಮ್ಮದು ನಿಮ್ಮ ಹತ್ತಿರವೇ ಇರಲಿ ಎಂದ.

ಮೂರು ದಿನ ಬಿಟ್ಟು ಹೋದರೆ ಒರೆ ಸಿದ್ಧವಿತ್ತು. ಕಂದುಬಣ್ಣ, ಒತ್ತೊತ್ತು ಹೊಲಿಗೆ. ಅವಳು ಎಡಸೊಂಟಕ್ಕೆ ಕಟ್ಟಿಕೊಂಡು ಮರದ ಚಾಕು ಎಳೆದಳು, ಮುಖ ಕೆಂಪಾಯಿತು.

“ಇದು ಬಲಗೈದು!”

“ಹೇಗಮ್ಮಾ? ಸರಿಯಾಗೇ ಇದೆಯಲ್ಲ!” ಮುದುಕ ಅದನ್ನು ಕಿತ್ತುಕೊಂಡು ತನ್ನ ಬಲಸೊಂಟಕ್ಕೆ ಹಿಡಿದು, ಬಲಗೈಯಲ್ಲಿ ಸರ್ರನೆ ಎಳೆದು ತೋರಿಸಿದ.

“ನಿಮ್ಮ ಕೈಗೆ ಸರಿಯಾಗಿದೆ ತಾತಾ. ಕಟ್ಕೊಳ್ಳೋದು ನೀವೋ ನಾನೋ?”

ಅವನು ಎಳೆದ ಕೈ ಹಾಗೇ ನಿಂತಿತು. ಕಾಗದವನ್ನು ಚರ್ಮದ ಮೇಲೆ ಮಗುಚಿ ಹಾಕಿಬಿಟ್ಟಿದ್ದ. ಎಡಗೈಯೆಂದು ತಾನೇ ಮೊದಲು ಕಂಡುಹಿಡಿದವನು ಕೈ ಪಳಗಿದ ಕಡೆಗೇ ಹೋಗಿದ್ದ. “ಥೂ, ಐವತ್ತು ವರ್ಷದ ಅಭ್ಯಾಸ ಕಣಮ್ಮಾ” ಎಂದು ಹಣೆ ಚಚ್ಚಿಕೊಂಡು, ನಮ್ಮೆದುರೇ ಹೊಸ ಚರ್ಮ ಕತ್ತರಿಸಿದ. ಇವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ತಪ್ಪಾಯಿತು ಎಂದವರ ಮೇಲೆ ಅವಳ ಸಿಟ್ಟು ನಿಲ್ಲುವುದಿಲ್ಲ. ದಾರಿಯಲ್ಲಿ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದವಳಂತೆ, “ಕಟ್ಕೊಂಡು ನೋಡೋ ತನಕ ಯಾರಿಗೂ ಗೊತ್ತಾಗಲ್ಲ ಅಕ್ಕಾ” ಎಂದಳು. ಭಾನುವಾರ ಹೊಸ ಒರೆಯ ಜೊತೆಗೆ ಆ ಮರದ ಚಾಕುವನ್ನೂ ಕೇಳಿ ತಂದಳು.

ಸೋಮವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅವಳೂ ಹೊಲಿಗೆ ಮಿಷನ್ನಿನ ಇಬ್ಬರು ಹೆಂಗಸರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಕೂಡಿಸಿದ್ದೇನೆ.

ಸೂಪರ್‌ವೈಸರ್ ಪುಸ್ತಕ ಬಿಚ್ಚಿ ಪೆನ್ನು ಚಾಚಿದ. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

“ಸಹಿ ಹಾಕ್ತೀನಿ ಸಾರ್. ಮೊದಲು ನೀವು ಇದನ್ನ ಕಟ್ಕೊಂಡು ಮಂಡಿ ಊರಿ.”

“ಏನಮ್ಮಾ ಇದು?”

“ಎಡಗೈಯವರಿಗೆ ಅಂತ ಮಾಡಿಸಿದ ಒರೆ. ಎಡಸೊಂಟಕ್ಕೆ ಕಟ್ಕೊಂಡು ಬಲಗೈಲಿ ಚಾಕು ತೆಗೀರಿ. ಹೆದರಬೇಡಿ, ಮರದ್ದು. ನನ್ನ ಪಾಡನ್ನೇ ತಿರುಗಿಸಿ ನಿಮಗೆ ಕೊಟ್ಟಿದೀನಿ, ಅಷ್ಟೇ. ಹೊಂದ್ಕೊಳ್ಳಿ.”

ಮಿಷನ್ನುಗಳು ಒಂದೊಂದಾಗಿ ನಿಂತವು. ಅಷ್ಟು ಜನ ನೋಡುತ್ತಿರುವಾಗ ಹಿಂಜರಿದರೆ ಮಾನ ಹೋಗುತ್ತದೆಂದೋ ಏನೋ, ಅವನು ಕಟ್ಟಿಕೊಂಡು ಮಂಡಿಯೂರಿದ. ಬಲಗೈಯನ್ನು ಹೊಟ್ಟೆಗೆ ಅಡ್ಡ ಹಾಯಿಸಿ ಎಡಸೊಂಟದ ಹಿಡಿಗೆ ಹಾಕಿದ. ಎಳೆದ. ಮರದ ಅಲಗಿಗೆ ಅವಳು ನೀಲಿ ಸೀಮೆಸುಣ್ಣವನ್ನು ಚೆನ್ನಾಗಿ ಉಜ್ಜಿಟ್ಟಿದ್ದಳು. ಬಿಳಿ ಷರಟಿನ ಮೇಲೆ, ಪಕ್ಕೆಯಿಂದ ಹೊಕ್ಕುಳ ತನಕ, ಗೆರೆ ಎಳೆದ ಹಾಗೆ ನೀಲಿ ಮೂಡಿತು.

“ಇನ್ನೂ ನೂರ ತೊಂಬತ್ತೊಂಬತ್ತು ಸಲ ಇದೆ ಸಾರ್, ಸಂಜೆ ಒಳಗೆ” ಎಂದಳು.

“ಇದೆಲ್ಲ ನಾಟಕ!” ಎಂದು ಅವನು ಗೆರೆಯನ್ನು ಉಜ್ಜಿದ, ಅದು ಇನ್ನಷ್ಟು ಹರಡಿತು.

“ನಾವು ಬೇಕಾದ್ರೆ ನಾಟಕ ಮಾಡ್ತೀವಿ ಸಾರ್, ಷರಟು ಮಾಡುತ್ತಾ?” ಎಂದಳು ಮಿಷನ್ನಿನ ಹೆಂಗಸರಲ್ಲಿ ಹಿರಿಯವಳು.

ನಗು ಕೇಳಿ ಮಾಲೀಕರು ಗಾಜಿನ ಕೋಣೆಯಿಂದ ಹೊರಗೆ ಬಂದರು. ಷರಟು ನೋಡಿದರು, ಒರೆ ನೋಡಿದರು, ಪುಸ್ತಕ ನೋಡಿದರು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಬೇಕಿದ್ದರೆ ಕೆಳಗೆ ಬರೆಯಿರಿ, ಕೆಲಸಕ್ಕೆ ಹೋಗಿ ಎಂದರು. ಅವಳು ಎಡಗೈಯಲ್ಲಿ ಪೆನ್ನು ಹಿಡಿದು ನಿಧಾನವಾಗಿ ಬರೆದಳು: ‘ಕೊಟ್ಟ ಒರೆ ಬಲಗೈಯವರದು. ನನ್ನದು ಎಡಗೈ. ಮೊದಲೇ ಹೇಳಿದ್ದೆ. ಕೇಳಲಿಲ್ಲ.’ ಬರೆಯುತ್ತ ಹೋದಂತೆ ಅಂಗೈಯಂಚು ಅಕ್ಷರಗಳ ಮೇಲೇ ಹಾದು ಶಾಯಿ ಮೆತ್ತಿಕೊಂಡಿತಂತೆ. ಆಮೇಲೆ ಸಹಿ ಹಾಕಿ, ಗೋಡೆಯ ಪಕ್ಕದ ತನ್ನ ಮೂಲೆಗೆ ಹೋಗಿ ಮಂಡಿಯೂರಿದಳು.

ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮಾರನೆಯ ದಿನ ಹಾಲ್‌ನ ಬಾಗಿಲಿಗೆ ಒಂದು ನೋಟಿಸು ಅಂಟಿಸಿದ್ದರು: ‘ಸ್ವಂತ ಒರೆ ಬಳಸುವವರು ಸ್ವಂತ ಜವಾಬ್ದಾರಿಯ ಮೇಲೆ ಬಳಸತಕ್ಕದ್ದು.’ ಅದನ್ನು ಬಾಯಿಪಾಠ ಮಾಡಿಕೊಂಡೇ ಮನೆಗೆ ಬಂದಳು.

“ಅವರು ಕೊಟ್ಟ ಒರೇಲಿ ಕೊಯ್ಕೊಂಡಾಗ ಜವಾಬ್ದಾರಿ ನಂದು. ನಾನೇ ತಂದ ಒರೇಲಿ ಕೊಯ್ಕೊಳ್ಳದೇ ಇದ್ದರೂ ಜವಾಬ್ದಾರಿ ನಂದೇ! ಅವರ ಪಾಲಿಗೆ ಏನು ಉಳೀತು ಅಕ್ಕಾ, ಆ ಸೀಟಿ ಒಂದೇನಾ?”

“ನಿನ್ನ ಮೂಲೆ ನಿನಗೆ ಉಳೀತಲ್ಲ” ಎಂದೆ.

“ಅದು ಮೊದಲೂ ನಂದೇ ಆಗಿತ್ತು” ಎಂದು ಒರೆ ಬಿಚ್ಚಿ ಮೊಳೆಗೆ ತಗುಲಿಸಿದಳು. ಕಾರ್ಖಾನೆಯ ಪ್ಲಾಸ್ಟಿಕ್ ಒರೆಯನ್ನು ಅವಳು ಆಗಲೇ ನಲ್ಲಿಯ ಪಕ್ಕ ಕಟ್ಟಿಬಿಟ್ಟಿದ್ದಳು. ಪಾತ್ರೆ ತಿಕ್ಕುವ ಬ್ರಷ್ಷು ಅದರಲ್ಲಿ ಸರಿಯಾಗಿ ಕೂರುತ್ತದೆ. ಸೆರಗು ಸಿಕ್ಕಿಸಿಕೊಂಡು, ಹೊಲಿಗೆಯ ಕಾಲನ್ನು ಪಕ್ಕಕ್ಕೆ ಚಾಚಿ ನಲ್ಲಿಯ ಮುಂದೆ ಕುಳಿತಳು. ಬ್ರಷ್ಷನ್ನು ಎಡಗೈಯಲ್ಲಿ ಎಳೆದುಕೊಂಡಳು.

“ಆ ತಳ ಹಿಡಿದ ಬಾಣಲೆ ಕೊಡಿ ಅಕ್ಕಾ, ಮೊದಲು ಅದನ್ನೇ ನೋಡ್ಕೋತೀನಿ.”

ಕೊಟ್ಟೆ. ಅವಳು ತಿಕ್ಕಿದಳು, ನಾನು ತೊಳೆದು ಒಂದೊಂದಾಗಿ ಬೋರಲು ಹಾಕಿದೆ.